ದೊಡ್ಡಮ್ಮನ ಬೆರಳು, ಟೀಚರಮ್ಮನ ಲೇಸರ್

ಉಣ್ಣೆಯ ಒಂದೇ ಒಂದು ಎಳೆ ಎಷ್ಟು ದಪ್ಪ ಅಂತ ಯಾವತ್ತಾದರೂ ತಲೆ ಕೆಡಿಸಿಕೊಂಡಿದ್ದೀರಾ? ನಾನು ಹೋದ ಭಾನುವಾರ ದೊಡ್ಡಮ್ಮನ ಊರು ಗೌಡಗೆರೆಯಲ್ಲಿ ಇಡೀ ದಿನ ಅದನ್ನೇ ಮಾಡಿದೆ. (ಮನೆಗೆ ಬಂದು ಬೈಸಿಕೊಂಡೆ, ಆ ಮಾತು ಬೇರೆ.)

ನಮ್ಮ ದೊಡ್ಡಮ್ಮ ಕರಿಯಮ್ಮ ಕಂಬಳಿಗೆ ಉಣ್ಣೆ ಆರಿಸುವವಳು. ನಯದ್ದು ಒಂದು ಗುಡ್ಡೆ, ಒರಟಿನದು ಇನ್ನೊಂದು. ಈಚೆಗೆ ಒಂದು ಕಂಬಳಿ ಕೊಂಡವರಿಗೆ ಚುಚ್ಚಿತಂತೆ. ಅವತ್ತಿನಿಂದ ಸೊಸೆ ಲತಾಳದ್ದು ಒಂದೇ ವರಾತ. "ಅತ್ತೆಗೆ ಕೈ ತಪ್ತಾ ಐತೆ. ಇನ್ನು ಆರ್ಸೋದು ಬುಟ್ಬುಡ್ಲಿ." ಮೊದಲಿಂದಲೂ ಅವಳು ಪಕ್ಕದಲ್ಲೇ ಕೂತು ದೊಡ್ಡಮ್ಮ ಆರಿಸಿದ್ದನ್ನೆಲ್ಲ ತಿರುಗಿಸಿ ತಿರುಗಿಸಿ ನೋಡುತ್ತಾಳೆ. ದೊಡ್ಡಮ್ಮ ಊಟ ಬಿಟ್ಟಾಳು, ಉಣ್ಣೆ ಬಿಟ್ಟಾಳೆ?

ಅತ್ತೆ-ಸೊಸೆಯ ಈ ಪಂಚಾಯ್ತಿಗೆ ನಾನು ಕರೆದೊಯ್ದದ್ದು ಗೆಳತಿ ನಸ್ರೀನಳನ್ನು. ಶಿರಾದಲ್ಲಿ ವಿಜ್ಞಾನದ ಟೀಚರ್. ಬ್ಯಾಗಿನಲ್ಲಿ ಲೇಸರ್ ಟಾರ್ಚು, ಅಳತೆ ಟೇಪು.

ಬಾಗಿಲು ಮುಚ್ಚಿ ಒಂದು ಎಳೆಯ ಮೇಲೆ ಲೇಸರ್ ಬಿಟ್ಟಳು. ಎದುರು ಗೋಡೆಯ ಮೇಲೆ ಸಾಲಾಗಿ ಕೆಂಪು ಪಟ್ಟೆಗಳು! ಎಳೆಯ ಎರಡೂ ಪಕ್ಕದಿಂದ ಬಂದ ಬೆಳಕು ಒಂದರೊಳಗೊಂದು ಬೆರೆತು ಆಗುವ ಪಟ್ಟೆಯಂತೆ. ಎಳೆ ಸಣ್ಣದಾದಷ್ಟೂ ಪಟ್ಟೆಗಳು ದೂರ ದೂರ. ಪಟ್ಟೆ ಅಳೆದರೆ ಎಳೆ ಅಳೆದ ಹಾಗೆ.

ದೊಡ್ಡಮ್ಮ ಮೂರು ಎಳೆಗಳನ್ನು ಬೆರಳಲ್ಲಿ ಹೊಸೆದು ಸಣ್ಣದು, ಮಧ್ಯದ್ದು, ದಪ್ಪದ್ದು ಅಂತ ಸಾಲಾಗಿಟ್ಟಳು. ಲೇಸರ್ ಪ್ರಕಾರ ಮೊದಲೆರಡು ಅದಲು ಬದಲು.

"ನೋಡುದ್ರಾ?" ಅಂದಳು ಲತಾ. ದೊಡ್ಡಮ್ಮನ ಮುಖ ಸಪ್ಪಗಾಯಿತು.

ಆ ಎಳೆಗಳನ್ನು ಮತ್ತೊಮ್ಮೆ ಬೆರಳಲ್ಲಿ ಹೊಸೆದು ನೋಡಿ ದೊಡ್ಡಮ್ಮ ಕೇಳಿದಳು, "ಉಣ್ಣೆ ತೊಳುದ್ರಾ?"

"ಇಲ್ಲವಲ್ಲ," ಅಂದಳು ನಸ್ರೀನ್.

"ಇನ್ನೇನು ಮತ್ತೆ! ನೀನು ಅಳದಿದ್ದು ಕುರಿ ಮೈ ಜಿಡ್ಡು ಕಣಮ್ಮ. ಬೆರಳಿಗೆ ಜಿಡ್ಡು ಬ್ಯಾರೆ, ಎಳೆ ಬ್ಯಾರೆ ಅಂತ ಗೊತ್ತಾಯ್ತೈತೆ."

ತೊಳೆದೆವು, ಒಣಗಿಸಿದೆವು, ಮತ್ತೆ ಅಳೆದೆವು. ದೊಡ್ಡಮ್ಮ ಇಟ್ಟ ಸಾಲೇ ಸರಿ! "ಯಾ ಅಲ್ಲಾ!" ಅಂತ ನಸ್ರೀನ್ ಆಕೆಯ ಬೆರಳು ಹಿಡಿದುಕೊಂಡಳು.

ಅದೇ ಖುಷಿಯಲ್ಲಿ ಇನ್ನೊಂದು ಸೋಜಿಗವನ್ನೂ ಹೇಳಿದಳು. ಬೆಳಕಿನ ಕಣಗಳನ್ನು, ಅಂದರೆ ಫೋಟಾನುಗಳನ್ನು, ಒಂದೊಂದಾಗಿ ಬಿಟ್ಟರೂ ಕೊನೆಗೆ ಅದೇ ಪಟ್ಟೆ ಮೂಡುತ್ತದಂತೆ. ಆದರೆ ಕಣ ಎಳೆಯ ಯಾವ ಪಕ್ಕದಿಂದ ಹೋಯಿತು ಅಂತ ಪತ್ತೆ ಮಾಡಲು ಹೋದಿರೋ, ಪಟ್ಟೆಯೇ ಮಾಯ! ಯಾಕೆ? ನನಗಂತೂ ಇನ್ನೂ ತಲೆಗೆ ಹತ್ತಿಲ್ಲ.

ದೊಡ್ಡಮ್ಮನಿಗೆ ತಕ್ಷಣ ಹತ್ತಿತು. "ನಂದೂ ಅಂಗೇ ಕಣಮ್ಮ. ಪಕ್ಕದಾಗೆ ಕುಂತು ನೋಡ್ತಾ ಇದ್ರೆ ಕೈ ಕೆಡ್ತೈತೆ."

ಲತಾ ಮೆಲ್ಲಗೆ ಎದ್ದು ಒಳಗೆ ಹೋದಳು.

ನಿಮ್ಮ ಮನೆಯಲ್ಲಿ ನೀವು ಯಾರ ಪಕ್ಕ ಕೂತಿದ್ದೀರಿ?