ಇಂದು ಸಾವಿತ್ರಿ, ಮೊನ್ನೆ ದೇವಿ

"ಎಲ್ಲಿಗೆ ಹೊಂಟೆ, ತಂಗಿ?"

"ಪರೀಕ್ಷೆಗೆ."

"ಹೆಸರೆಂತ?"

ಹುಡುಗಿ ಪಕ್ಕದಲ್ಲಿದ್ದ ಮಾಸ್ತರರ ಮುಖ ನೋಡಿದಳು. "ಇಂದು ಸಾವಿತ್ರಿ" ಎಂದಳು. "ಮೊನ್ನೆ ದೇವಿ ಆಗಿದ್ದೆ."

ಕಳೆದ ವಾರ ಹೊನ್ನಾವರದಲ್ಲಿ ಶರಾವತಿ ದಾಟುವಾಗ ದೋಣಿಯವನಿಗೂ ಅವಳಿಗೂ ನಡೆದ ಮಾತಿದು. (ಸೇತುವೆ ಬರುತ್ತದೆ ಎಂಬ ಭಾಷಣ ಕೇಳಿ ಕೇಳಿ ದೋಣಿಯವನ ಗಡ್ಡ ನೆರೆತಿದೆ.) ಬೆಳಗಿನ ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಆಚೆ ದಡ ಕಾಣದು. ದೋಣಿ ಹೋಗುತ್ತಿದೆಯೋ ನಿಂತಿದೆಯೋ ತಿಳಿಯದು. ನನಗೋ ಅರೆನಿದ್ದೆ. ಇಂಥ ಹೊತ್ತಿನಲ್ಲಿ ಹುಡುಗಿಯೊಬ್ಬಳು ದಿನಕ್ಕೊಂದು ಹೆಸರು ಇಟ್ಟುಕೊಂಡರೆ ಆಶ್ಚರ್ಯವೇನು?

ಆದರೆ ಮಾಸ್ತರರು ಆ ಚಳಿಯಲ್ಲೂ ಬೆವರಿದರು. (ಅವರ ಊರು, ಹೆಸರು ಕೇಳಬೇಡಿ. ನೌಕರಿಯ ಪ್ರಶ್ನೆ.)

"ಎಂತ ಮಾಡೂದು ಹೇಳಿ" ಎಂದರು ತಗ್ಗಿದ ದನಿಯಲ್ಲಿ. "ನಾಲ್ಕನೇ ಇಯತ್ತೆಯಲ್ಲಿ ಪಾಸಾದವ್ರು ಕಮ್ಮಿಯಾದ್ರೆ ಮಾಸ್ತರನ್ನ ಘಟ್ಟದ ಮೇಲಿನ ಶಾಲೆಗೆ ಒಗೀತೇವೆ ಅಂತ ಸ್ಕೂಲ್ ಬೋರ್ಡಿನ ಮೆಂಬರ್ರು ಭಾಷಣ ಮಾಡಿದ್ರು. ನಾವು ಮಾಸ್ತರಮಂದಿ ಒಬ್ರಿಗೊಬ್ರು ಆಗ್ಲೇಬೇಕಲ್ಲ?"

ಅಂದರೆ, ಮದುವೆಗೆ ನೆರೆಮನೆಯ ಹಂಡೆ ತಂದಂತೆ ಪರೀಕ್ಷೆಗೆ ನೆರೆಶಾಲೆಯ ಜಾಣೆಯನ್ನು ತರುವುದು! ಹೊರಗಿನಿಂದ ಬರುವ ಇನ್ಸ್‌ಪೆಕ್ಟರರಿಗೆ ಮಕ್ಕಳ ಮುಖಪರಿಚಯ ಎಲ್ಲಿಂದ ಬರಬೇಕು? ಭಾಗಾಕಾರ ಬಾರದ ಸಾವಿತ್ರಿ ಅಂದು ಮನೆಯಲ್ಲಿ ಮೀನು ಒಣಗಿಸುತ್ತಿರುತ್ತಾಳೆ. ಅವಳ ಜಾಗದಲ್ಲಿ ಈಕೆ ಕುಳಿತು ಪಾಸು ಮಾಡಿಸಿ ಬರುತ್ತಾಳೆ.

ನನಗೆ ನಗು ತಡೆಯಲಾಗಲಿಲ್ಲ.

"ನಿನ್ನ ಸ್ವಂತ ಹೆಸರು?"

"ನಾಗವೇಣಿ. ಆ ಹೆಸರಲ್ಲಿ ಹೋದ ವರ್ಷವೇ ಪಾಸಾತು."

"ಹಾಗಾದ್ರೆ ಈಗ ಐದನೇ ಇಯತ್ತೆಯಾ?"

ಅವಳು ನೀರಿಗೆ ಬೆರಳು ಇಳಿಬಿಟ್ಟಳು. "ನಮ್ಮೂರಲ್ಲಿ ನಾಲ್ಕೇ ಇಯತ್ತೆ. ಐದನೇದಕ್ಕೆ ಹೊಳೆ ದಾಟ್ಬೇಕು. ದಿನಾ ಯಾರು ಕರ್ಕಂಡು ಹೋಗೂದು ಅಂತಾನೆ ಅಪ್ಪ." ಆಮೇಲೆ ತಲೆಯೆತ್ತಿ ಕೇಳಿದಳು: "ಅಲ್ಲಿ ಬಣ್ಣದ ನಕಾಶೆ ಇರ್ತದಂತೆ, ಹೌದಾ?"

ನನ್ನ ನಗು ಅಲ್ಲಿಗೇ ನಿಂತಿತು. ಮಾಸ್ತರರು ಮಂಜಿನ ಕಡೆ ನೋಡುತ್ತಿದ್ದರು.

ಸಂಜೆ ಮರಳಿ ಬಂದಾಗ ಹೊನ್ನಾವರದ ಪೇಟೆಯಲ್ಲಿ ಸಭೆ. ಮೆಂಬರರು ಮೇಜು ಗುದ್ದಿದರು: ಇಲ್ಲಿಯವರೆಗೆ ಪರೀಕ್ಷೆ ಮುಗಿದ ಶಾಲೆಗಳಲ್ಲಿ ಪಾಸಾದವರು ಹೆಚ್ಚಿದ್ದಾರೆ, ಇದು ನಮ್ಮ ಶಿಸ್ತಿನ ಫಲ! ಎದುರು ಪಕ್ಷದವರು ಎದ್ದು ಅದೇ ಮೇಜನ್ನು ಗುದ್ದಿದರು: ಈ ಪರೀಕ್ಷೆಯೇ ದಬ್ಬಾಳಿಕೆ, ಮೊದಲು ಇದನ್ನು ಕಿತ್ತುಹಾಕಿ! ಇಬ್ಬರಿಗೂ ಚಪ್ಪಾಳೆ ಬಿತ್ತು. ಐದನೇ ಇಯತ್ತೆಯ ಸುದ್ದಿ ಯಾರಾದರೂ ಎತ್ತುತ್ತಾರೇನೋ ಎಂದು ಕಾದೆ. ಕಾಯುತ್ತಾ ಕಣ್ಣು ಮುಚ್ಚಿತು. ಕನಸಿನಲ್ಲಿ ಮತ್ತೆ ಅದೇ ಮಂಜು, ಅದೇ ದೋಣಿ. ನಾಗವೇಣಿಯ ತೊಡೆಯ ಮೇಲೆ ಬಣ್ಣದ ನಕಾಶೆ. ಯಾರೋ ಹೆಸರು ಕೇಳುತ್ತಾರೆ. ಅವಳು ಯಾರ ಮುಖವನ್ನೂ ನೋಡದೆ ತನ್ನ ಹೆಸರನ್ನೇ ಹೇಳುತ್ತಾಳೆ.

ಜಯಕಾರದ ಗದ್ದಲಕ್ಕೆ ಎಚ್ಚರವಾಯಿತು.

ಪರೀಕ್ಷೆಗೆಂದರೆ ಹುಡುಗಿಯ ಕೈಹಿಡಿದು ಹೊಳೆ ದಾಟಿಸುವವರಿದ್ದಾರೆ; ಪಾಠಕ್ಕೆಂದರೆ ಯಾರು ದಾಟಿಸಬೇಕು, ಸ್ವಾಮಿ?