ಮಸುಕಾಗಿ ಬಂದ ಮೊದಲ ಫಿಲ್ಮ್

ಮಧ್ಯಾಹ್ನ ಎರಡೂವರೆಗೆ, ತೊಳೆದ ಫಿಲ್ಮನ್ನು ಡಾರ್ಕ್‌ರೂಮಿನಿಂದ ತಂದು ಬೆಳಕಿಗೆ ಹಿಡಿದೆ. ಆ ಗಳಿಗೆಯವರೆಗೆ ದೆವ್ವಭೂತದ ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಾನು ಬಿ.ಎಸ್‌ಸಿ. ಓದಿದವನು. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ.

ಅಂದು ಅಮ್ಮಿನಬಾವಿ ಕಡೆಯಿಂದ ಒಬ್ಬ ರೈತನ ಶವ ಬಂದಿತ್ತು. ಎದೆಯ ಬಲಗಡೆ ಸಣ್ಣ ತೂತು. ಹಿಂದಿನ ದಿನ ಹೊಲದಲ್ಲಿ ಎತ್ತು ತಿವಿಯಿತೆಂದು ಜೊತೆಗಿದ್ದ ಅವನ ತಮ್ಮ ಹೇಳುತ್ತಿದ್ದ. ಆದರೆ ಇಬ್ಬರಿಗೂ ಬದುವಿನ ಜಗಳವಿತ್ತು, ತಮ್ಮನ ಮನೆಯಲ್ಲಿ ಹಂದಿ ಓಡಿಸುವ ಬಂದೂಕಿತ್ತು. ಪೊಲೀಸರು ಅವನನ್ನು ಹಿಡಿದೇ ತಂದಿದ್ದರು. ಬಂದೂಕಿನ ಸಣ್ಣ ಗುಂಡು ಶವ ಕೊಯ್ದಾಗ ಕೈಗೆ ಸಿಗದೆ ಹೋಗುವುದುಂಟು. ಅದಕ್ಕೇ ಮರಣೋತ್ತರ ಪರೀಕ್ಷೆಗೆ ಮೊದಲು ಡಾಕ್ಟರು ಎಕ್ಸ್‌ರೇ ಕೇಳಿದ್ದರು.

ಬಾಗಿಲಲ್ಲಿ ತಮ್ಮ ನನ್ನ ಕೈ ಹಿಡಿದ. "ನೀವರ ಖರೇ ಹೇಳ್ರಿ ಸರ. ನಮ್ಮಣ್ಣನ್ನ ನಾ ಹೊಡದಿಲ್ರಿ."

ಮೊದಲ ಫಿಲ್ಮ್ ಮಸುಕಾಗಿ ಬಂತು. ಪಕ್ಕೆಲುಬುಗಳ ನಡುವೆ ಒಂದು ಬಿಳಿ ಕಲೆ. ಗುಂಡು ಎಂದರೆ ಗುಂಡೇ. ಆದರೆ ನನ್ನ ಕಣ್ಣು ನಿಂತದ್ದು ಆ ಮಸುಕಿನ ಮೇಲೆ. ರೋಗಿ ಉಸಿರು ಬಿಗಿಹಿಡಿಯದಿದ್ದರೆ ಹೀಗೆ ಬರುತ್ತದೆ, ದಿನವೂ ನೋಡುತ್ತಿದ್ದೆ. ಯಂತ್ರ ಅಲುಗಿದ್ದರೆ ಎಲ್ಲವೂ ಮಸುಕಾಗಬೇಕಿತ್ತು. ಇಲ್ಲಿ ಬೆನ್ನೆಲುಬು, ತೋಳಿನ ಮೂಳೆ, ಎಡ-ಬಲದ ಗುರುತಿಗೆ ಮೂಲೆಯಲ್ಲಿಟ್ಟ ಸೀಸದ ಅಕ್ಷರ ಎಲ್ಲ ಸ್ಪಷ್ಟ. ಅಲುಗಿದ್ದು ಪಕ್ಕೆಲುಬು ಮಾತ್ರ.

ಮನುಷ್ಯ ಜೀವಂತ ಇದ್ದಾನೆಂದು ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಶವದ ಮೊಣಕೈ ಮಡಿಸಲು ನೋಡಿದರು. ಮಡಿಯಲಿಲ್ಲ.

"ಮುಟ್ಟಿ ನೋಡ್ರಿ, ಕಟ್ಟಿಗಿ ಆಗೇದ. ನಿನ್ನೆ ಹೋದ ಜೀವ. ಇನ್ನೊಂದು ತಗೀರಿ, ಲಗೂ."

ಮತ್ತೆ ಫಿಲ್ಮ್ ಹಾಕಿ ಗುಂಡಿ ಒತ್ತುವಾಗ ರೂಢಿಯಂತೆ ಬಾಯಿಂದ ಬಂದುಬಿಟ್ಟಿತು: "ಉಸರು ಹಿಡೀರಿ."

ಪಕ್ಕದಲ್ಲಿದ್ದ ಹವಾಲ್ದಾರ ನಕ್ಕ. "ನಿನ್ನಿಯಿಂದ ಹಿಡದಾನಲ್ರಿ ಸಾಹೇಬ್ರ. ಇನ್ನೆಷ್ಟ ಹಿಡೀಬೇಕ ಅಂವ?"

ಎರಡನೆಯ ಫಿಲ್ಮಿನಲ್ಲಿ ಮಸುಕಿನ ಸುಳಿವೂ ಇರಲಿಲ್ಲ. ಬಿಳಿ ಕಲೆ ಎಂದುಕೊಂಡದ್ದು ಒಳಕ್ಕೆ ಮುರಿದ ಪಕ್ಕೆಲುಬಿನ ತುದಿ. ಲೋಹದ ಚೂರೂ ಇಲ್ಲ. ಕೊಯ್ದು ನೋಡಿದಾಗಲೂ ಅದೇ ಸಿಕ್ಕಿತು, ಕೊಂಬಿನ ಗಾಯ.

ಸಂಜೆ ಡಾಕ್ಟರು ಎರಡೂ ಫಿಲ್ಮುಗಳನ್ನು ಕಿಟಕಿಗೆ ಹಿಡಿದು ನೋಡಿದರು. "ಯಾರ ಮುಂದೂ ಅನಬ್ಯಾಡ್ರಿ. ಹೆಣ ಉಸರಾಡ್ತು ಅಂದ್ರ ನಿಮ್ಮ ಎರಡನೇ ಫಿಲ್ಮೂ ಯಾರೂ ನಂಬಂಗಿಲ್ಲ. ಹೊರಗ ಅದರ ಮ್ಯಾಲನ ಜೀವ ಇಟ್ಟು ಅವನ ತಮ್ಮ ಕುಂತಾನ."

ಯಾರ ಮುಂದೆಯೂ ಹೇಳಲಿಲ್ಲ. ಆದರೆ ರಾತ್ರಿ ಬಾಡಿಗೆ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ಆ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಅವಸರದಲ್ಲಿ ಮೊದಲ ಫಿಲ್ಮನ್ನೇ ಕೊಟ್ಟುಬಿಟ್ಟಿದ್ದರೆ ಆ ತಮ್ಮನ ಗತಿ ಏನಾಗುತ್ತಿತ್ತು ಎಂದು ಎದ್ದು ಕೂರುತ್ತಿದ್ದೆ. ಆಮೇಲೆ ಎಷ್ಟೋ ಜನರಿಗೆ ಈ ವಿದ್ಯೆ ಕಲಿಸಿದ್ದೇನೆ. ಆ ಮಸುಕಿಗೆ ಕಾರಣ ಇಂದಿಗೂ ನನಗೆ ಸಿಕ್ಕಿಲ್ಲ.

ಪೊಲೀಸರು ವರದಿ ಒಪ್ಪಲು ಕೆಲವು ದಿನ ಹಿಡಿಯಿತು. ತಮ್ಮನನ್ನು ಬಿಟ್ಟರೆಂದು ಹವಾಲ್ದಾರ ಬಂದು ಹೇಳಿದ ದಿನ ಊಟವನ್ನೂ ಮಾಡದೆ ಮಲಗಿದೆ. ಅಂದು ಕಣ್ಣು ಮುಚ್ಚಿದಾಗ ಆ ಎದೆ ಅಲುಗಲಿಲ್ಲ. ಕಣ್ಣು ಬಿಟ್ಟಾಗ ಕೋಣೆಯೊಳಗೆ ಬಿಸಿಲು ಬಿದ್ದಿತ್ತು.