ಬೋಲ್ಟಿನ ಮೇಲಿನ ಕೆಂಪು ಬೊಟ್ಟು

ಗಾಡಿ ಓಡಿಸುವವರೆಲ್ಲ ಅವನನ್ನು ಕಿಡಿ ಎಂದೇ ಕರೆಯುತ್ತಿದ್ದರು. ವಾಹನಗಳ ವೈರಿಂಗ್ ಮಾಡುವವನಿಗೆ ಒಪ್ಪುವ ಹೆಸರೇ. ಆದರೆ ಅದು ಬಂದದ್ದು ಕೆಲಸದಿಂದಲ್ಲ, ಮೂಗಿನ ತುದಿಯಲ್ಲೇ ಕೂತಿರುತ್ತಿದ್ದ ಕೋಪದಿಂದ. ಯಾರಾದರೂ ಬಾನೆಟ್ಟಿನೊಳಗೆ ಬೆರಳು ತೋರಿಸಿ, "ತೊಂದರೆ ಇಲ್ಲಿರಬಹುದಾ?" ಎಂದರೆ ಮುಗಿಯಿತು. ಸ್ಪ್ಯಾನರನ್ನು ಅವರ ಕೈಗೇ ಕೊಟ್ಟು, "ಹಾಗಾದ್ರೆ ನೀವೇ ಮಾಡ್ಕೊಳ್ಳಿ," ಎಂದು ಹೋಗಿ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದ. ಗಿರಾಕಿ ಕ್ಷಮೆ ಕೇಳಿ ಸ್ಪ್ಯಾನರ್ ವಾಪಸ್ಸು ಕೊಡುವವರೆಗೂ ಏಳುತ್ತಿರಲಿಲ್ಲ. ಆದರೂ ಜನ ಬರುತ್ತಿದ್ದರು. ಹಾಲು ಕೊಡುವ ಹಸು ಒದ್ದರೆ ಒದೆಸಿಕೊಳ್ಳಬೇಕಲ್ಲ.

ಅಂಗಡಿ ಅಪ್ಪ ಬಿಟ್ಟುಹೋದದ್ದು. ಅಗಲವಾದ ಒಂದು ಷಟರ್, ಎಣ್ಣೆ ಕುಡಿದು ಕಪ್ಪಾದ ಮರದ ಮೇಜು, ಮೊಳೆಗಳಿಗೆ ನೇತುಬಿಟ್ಟ ವೈರಿನ ಸುರುಳಿಗಳು, ಹಿಂದಿನ ಗೋಡೆಗೆ ಒರಗಿಸಿಟ್ಟ ಸತ್ತ ಬ್ಯಾಟರಿಗಳ ಸಾಲು. ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಎಂದರೆ ಅಪ್ಪನ ಕೆಂಪು ಬೊಟ್ಟು. ಬ್ಯಾಟರಿಯಿಂದ ಹೊರಟ ಕರೆಂಟು ವೈರಿನಲ್ಲಿ ಹೋಗಿ ಗಾಡಿಯ ಕಬ್ಬಿಣದ ಮೈಯಿಂದಲೇ ಮರಳಿ ಬರುತ್ತದೆ. ಆ ಮರಳುವ ದಾರಿಯನ್ನು ಬಿಗಿದು ಹಿಡಿಯುವುದು ಅರ್ಥ್ ಬೋಲ್ಟು. ಅದಕ್ಕೆ ತುಕ್ಕು ಹಿಡಿಯಬಾರದೆಂದು ಅಪ್ಪನ ಕೈ ದಾಟಿದ ಪ್ರತಿ ಗಾಡಿಯಲ್ಲೂ ಅದರ ಮೇಲೊಂದು ಬೊಟ್ಟು ಕೆಂಪು ಬಣ್ಣ ಇರುತ್ತಿತ್ತು. ಅಪ್ಪ ಬಾಯಿಬಿಟ್ಟು ಏನನ್ನೂ ಹೇಳಿಕೊಟ್ಟವನಲ್ಲ. ಮುಗಿದ ಕೆಲಸವನ್ನು ನೋಡಿ ನೋಡಿಯೇ ಕಿಡಿ ಕಲಿತ. ಅವನೂ ಬಣ್ಣ ಹಚ್ಚಿದ, ಅಪ್ಪನಿಗಿಂತ ಒಂದು ಕೈ ಮೇಲೆಂಬಂತೆ ಧಾರಾಳವಾಗಿಯೇ ಹಚ್ಚಿದ. "ಅಪ್ಪನ ಕೈಗುಣ ಮಗನಿಗೆ ಬಂದಿದೆ" ಎಂದು ಹಳಬರು ಹೇಳಿದಾಗ ಮಾತ್ರ ಅವನ ಮುಖ ಸಡಿಲವಾಗುತ್ತಿತ್ತು.

ಅವನ ಅಕ್ಕನಿಗೆ ಒಂದು ವ್ಯಾನಿತ್ತು. ನಡೆಯಲಾರದವರನ್ನು ಗಾಲಿಕುರ್ಚಿ ಸಮೇತ ಹತ್ತಿಸಿಕೊಂಡು ವ್ಯಾಯಾಮ ಚಿಕಿತ್ಸೆಯ ಕೇಂದ್ರಕ್ಕೆ ಮುಟ್ಟಿಸಿ ಬರುವುದು ಅವಳ ಕೆಲಸ. ಕುರ್ಚಿ ಎತ್ತಿ ಎತ್ತಿ ಬೆನ್ನು ಬಿದ್ದುಹೋದ ಮೇಲೆ ಹಿಂಬಾಗಿಲಿಗೆ ಕರೆಂಟಿನ ಲಿಫ್ಟ್ ಹಾಕಿಸಿದಳು. ಆ ಲಿಫ್ಟೋ, ಬಕಾಸುರ! ಬ್ಯಾಟರಿಗೆ ಕರೆಂಟು ತುಂಬುವ ಹಳೆಯ ಆಲ್ಟರ್ನೇಟರು, ಅಂದರೆ ಗ್ಯಾರೇಜಿನವರ ಡೈನಮೊ, ಅದರ ಹಸಿವಿಗೆ ಸಾಲಲಿಲ್ಲ. ಕಿಡಿ ಅದನ್ನು ಕಿತ್ತು ದುಪ್ಪಟ್ಟು ತಾಕತ್ತಿನದನ್ನು ಕೂರಿಸಿದ. ಬ್ಯಾಟರಿಯನ್ನು ಗಾಡಿಯ ಮೈಗೆ ಜೋಡಿಸುವ ಅರ್ಥ್ ಪಟ್ಟಿಯನ್ನೂ ಹೊಸದು ಹಾಕಿ, ಬಣ್ಣ ಹಚ್ಚಿ ಬಿಗಿದ.

"ಇನ್ನು ಆನೆ ಕೂರಿಸಿದ್ರೂ ಎತ್ತುತ್ತೆ, ಹೋಗಕ್ಕ," ಎಂದ.

ಆನೆ ಕೂರಲಿಲ್ಲ. ಕೂತವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಗಾಳಿ ಬಂದರೆ ಹಾರಿಹೋಗುವಂಥ ಮನುಷ್ಯ. ಲಿಫ್ಟು ಅರ್ಧಕ್ಕೆ ಏರಿ, ಒಮ್ಮೆ ಮುಲುಗಿ, ನಿಂತೇಬಿಟ್ಟಿತು. ಅತ್ತ ವ್ಯಾನಿಗೂ ಸೇರದೆ ಇತ್ತ ನೆಲಕ್ಕೂ ಇಳಿಯದೆ ಮೇಷ್ಟ್ರು ತ್ರಿಶಂಕುವಾಗಿ ಕೂತರು. ದಾರಿಹೋಕರು ಹಿಡಿದು ಇಳಿಸಬೇಕಾಯಿತು. ವಿಷಯ ಕೇಂದ್ರದ ಮ್ಯಾನೇಜರ್ ಕಿವಿಗೆ ಬಿತ್ತು. ಇನ್ನೊಮ್ಮೆ ಹೀಗಾದರೆ ಬೇರೆ ವ್ಯಾನ್ ನೋಡಿಕೊಳ್ಳುತ್ತೇವೆ ಎಂದರು. ಆ ಓಡಾಟ ತಪ್ಪಿದರೆ ಅಕ್ಕನಿಗೆ ಬೇರೆ ದುಡಿಮೆ ಇರಲಿಲ್ಲ.

ಮರುದಿನ ಕಿಡಿ ಮುಂಜಾನೆಯೇ ವ್ಯಾನಿನ ಹೊಟ್ಟೆ ಬಗೆದ. ಬೆಲ್ಟು ಬಿಗಿಯಾಗಿತ್ತು. ಫ್ಯೂಸು ನೆಟ್ಟಗಿತ್ತು. ಎಂಜಿನ್ ಓಡುವಾಗ ಡೈನಮೊ ಮೇಲೆ ಮೀಟರ್ ಹಿಡಿದರೆ ಹದಿನಾಲ್ಕು ವೋಲ್ಟ್ ದಾಟುತ್ತಿತ್ತು. ಬ್ಯಾಟರಿ ಮೇಲೆ ಹಿಡಿದರೆ ಹನ್ನೆರಡರ ಮೇಲೆ ಏಳಲೊಲ್ಲದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದಂತೆ ನಡುವೆ ಯಾರೋ ತಿನ್ನುತ್ತಿದ್ದಾರೆ. ಬ್ಯಾಟರಿ ಬದಲಿಸಿದ. ಡೈನಮೊವಿನಿಂದ ಬ್ಯಾಟರಿಗೆ ಬರುವ ವೈರು ಬದಲಿಸಿದ. ಕೊನೆಗೆ ಡೈನಮೊವನ್ನೇ ಬಿಚ್ಚಿ, ಮಾರಿದವನ ಮನೆತನವನ್ನೆಲ್ಲ ಬಯ್ದು, ಮತ್ತೊಂದು ತಂದು ಹಾಕಿದ. ಮೀಟರ್ ಜಗ್ಗಲಿಲ್ಲ.

ಅಕ್ಕ ಅಷ್ಟು ಹೊತ್ತೂ ಕೈಕಟ್ಟಿ ನಿಂತಿದ್ದಳು. "ಅರ್ಥ್ ನೋಡಿದ್ಯೇನೋ?" ಎಂದಳು.

"ಅದು ನಾನೇ ಹಾಕಿದ್ದು."

"ಅದಕ್ಕೇ ಕೇಳಿದ್ದು."

ಕಿಡಿ ಹತ್ತಿಕೊಂಡಿತು. ಸ್ಪ್ಯಾನರನ್ನು ಅವಳ ಕೈಗೆ ತುರುಕಿ, "ಹಾಗಾದ್ರೆ ನೀನೇ ಮಾಡ್ಕೋ," ಎಂದು ಹೋಗಿ ಸ್ಟೂಲಿನ ಮೇಲೆ ಕೂತ.

ಆ ಅಂಗಡಿಯಲ್ಲಿ ಅದುವರೆಗೆ ಯಾರೂ ಮಾಡದ ಕೆಲಸವನ್ನು ಅಕ್ಕ ಮಾಡಿದಳು. ಕ್ಷಮೆ ಕೇಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಬೋಲ್ಟು ಬಿಚ್ಚಿ ಅರ್ಥ್ ಪಟ್ಟಿಯ ತುದಿಯನ್ನು ಬೆಳಕಿಗೆ ಹಿಡಿದಳು. ಪಟ್ಟಿ ಕಬ್ಬಿಣಕ್ಕೆ ತಾಗಬೇಕಾದ ಕಡೆ ಕೆಂಪು ಬಣ್ಣ ದೋಸೆಯ ಹಾಗೆ ಹರಡಿ ಒಣಗಿತ್ತು.

"ಲೋ, ಬಣ್ಣ ಒಳಗ್ಯಾಕೆ ಹಚ್ಚಿದ್ದೀಯ? ಕರೆಂಟು ಎಲ್ಲಿಂದ ದಾಟ್ಬೇಕು?"

"ಅಪ್ಪ ಹಚ್ತಿರ್ಲಿಲ್ವಾ?"

"ಅಪ್ಪ ಯಾವತ್ತು ಬಣ್ಣ ಮುಟ್ಟಿದ್ರೋ? ಅವರು ಕೆರೆದು ಬಿಗೀತಿದ್ರು. ಬಿಗಿದಾದ ಮೇಲೆ ನನ್ನ ಕರೀತಿದ್ರು, ನನ್ನ ಕೈ ಸಣ್ಣದು, ಸಂದಿಗೆ ಹೋಗುತ್ತೆ ಅಂತ. ಮೇಲೆ ಬೊಟ್ಟು ಇಡ್ತಿದ್ದವಳು ನಾನು. ನಿನ್ನನ್ನ ಅಂಗಡಿಗೆ ಹಚ್ಚಿದ ದಿನ ನನ್ನನ್ನ ಮನೆಗೆ ಕಳಿಸಿದ್ರು. ನೀನು ನನ್ನನ್ನ ಕೇಳ್ಲೂ ಇಲ್ಲ."

ಇಷ್ಟು ವರ್ಷ ಬೋಲ್ಟಿನ ತಿರುಪಿನ ಸಂದಿಯಲ್ಲಿ ಹೇಗೋ ನುಸುಳಿ ಅವನ ಮಾನ ಕಾಯುತ್ತಿದ್ದ ಕರೆಂಟು, ದೊಡ್ಡ ಡೈನಮೊ ಬಂದೊಡನೆ ಆ ಸಂದಿಯಲ್ಲಿ ತೂರಲಾರದೆ ಗುಟ್ಟು ರಟ್ಟು ಮಾಡಿತ್ತು. ಅವನ ಕಣ್ಣು ಹಿಂದಿನ ಗೋಡೆಯ ಕಡೆ ಹೋಯಿತು. "ಇದು ಸತ್ತಿದೆ, ಹೊಸದು ಹಾಕಿಸಿ" ಎಂದು ತಾನು ತೀರ್ಪು ಕೊಟ್ಟ ಬ್ಯಾಟರಿಗಳಲ್ಲಿ ಎಷ್ಟು ನಿಜವಾಗಿ ಸತ್ತಿದ್ದವೋ. ಅವನಿಗೆ ನಾಚಿಕೆಯಾಯಿತು, ಕೋಪಕ್ಕೆ ತಿರುಗಿಸಿಕೊಳ್ಳಲಾಗದಂಥ ನಾಚಿಕೆ.

ಅವಳು ಬಣ್ಣ ಕೆರೆದು, ಕಬ್ಬಿಣ ಹೊಳೆಯುವವರೆಗೆ ಉಜ್ಜಿ ಬಿಗಿದಳು. ಅವನು ಎದ್ದು ಬಂದು ಎಂಜಿನ್ ಚಾಲೂ ಮಾಡಿ ಬ್ಯಾಟರಿಗೆ ಮೀಟರ್ ಹಿಡಿದ. ಹದಿನಾಲ್ಕು ದಾಟಿತು. ಹೋಗಿ ಬಣ್ಣದ ಡಬ್ಬಿ ತಂದು, ಬ್ರಷ್ಷನ್ನು ಅವಳ ಕೈಗೆ ಕೊಟ್ಟ.

ಮಾರನೆಯ ದಿನ ಅಂಗಡಿ ತೆರೆಯದೆ ಅಕ್ಕನ ಜೊತೆ ಹೋದ. ಮೇಷ್ಟ್ರು ಲಿಫ್ಟನ್ನು ಅನುಮಾನದಿಂದ ನೋಡಿ, "ಇವತ್ತೂ ನೇತುಹಾಕ್ತೀರೇನ್ರಪ್ಪಾ?" ಎಂದು ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದರು. ಲಿಫ್ಟು ಸದ್ದಿಲ್ಲದೆ ಏರಿ ಅವರನ್ನು ವ್ಯಾನಿನೊಳಗೆ ಸೇರಿಸಿತು. ಒಂದು ಕಾಲದಲ್ಲಿ ಅವರ ಹಳೆಯ ಕಾರು ಅಪ್ಪನ ಅಂಗಡಿಗೇ ಬರುತ್ತಿತ್ತು.

"ಅಂತೂ ಅಪ್ಪನ ಕೈಗುಣ ಮಗನಿಗೆ ಬಂತು ಬಿಡು," ಎಂದರು ಮೇಷ್ಟ್ರು.

"ಮಗನಿಗಲ್ಲ ಮೇಷ್ಟ್ರೆ," ಎಂದ ಕಿಡಿ. "ಮಗಳಿಗೆ."

ಅಕ್ಕ ಕನ್ನಡಿಯಲ್ಲಿ ಒಂದು ಸಲ ಅವನನ್ನು ನೋಡಿದಳು. "ಸಾಕು, ಬಾಗಿಲು ಹಾಕೋ. ಹೊತ್ತಾಯ್ತು," ಎಂದು ಗೇರು ಹಾಕಿದಳು.